ವಸತಿ ಶಾಲೆಯ ಸಂಜೆ: ಓದು ಮತ್ತು ಕಲೆಯನ್ನು ಒಂದೇ ವೇಳಾಪಟ್ಟಿಯಲ್ಲಿ ಹೊಂದಿಸುವ ಕ್ರಮ

ಖಾಸಗಿ ವಸತಿ ಶಾಲೆಯ ಹಗಲು ಊರಿನ ಬೇರೆ ಶಾಲೆಗಳ ಹಗಲಿನಂತೆಯೇ ಇರುತ್ತದೆ. ಅದೇ ಪಠ್ಯಪುಸ್ತಕ, ಅದೇ ನಲವತ್ತು ನಿಮಿಷದ ಪೀರಿಯಡ್ಡು, ಅದೇ ಪರೀಕ್ಷೆ. ಹೆತ್ತವರು ದೊಡ್ಡ ಶುಲ್ಕ ಕಟ್ಟಿ ಮಗುವನ್ನು ಒಪ್ಪಿಸಿ ಹೋಗುವುದು ಕೊನೆಯ ಗಂಟೆ ಹೊಡೆದ ಮೇಲೆ ಉಳಿಯುವ ಹೊತ್ತನ್ನು ನಂಬಿ. ಸಂಜೆ ನಾಲ್ಕರಿಂದ ರಾತ್ರಿ ಮಲಗುವವರೆಗಿನ ಆ ಐದಾರು ಗಂಟೆಗಳನ್ನು ಅನೇಕ ಶಾಲೆಗಳು ಎರಡು ಬೇರೆ ಬೇರೆ ಖಾತೆಗಳಂತೆ ನಡೆಸುತ್ತವೆ: ಓದಿಸುವ ಹೊಣೆ ವಾರ್ಡನ್‌ಗೆ, ಹಾಡು-ಕುಣಿತದ ಹೊಣೆ ಸಾಂಸ್ಕೃತಿಕ ಸಮಿತಿಗೆ. ಇಬ್ಬರೂ ಒಂದೆಡೆ ಕುಳಿತು ಮಾತನಾಡುವ ಸಂದರ್ಭವೇ ಬರುವುದಿಲ್ಲವಾದ್ದರಿಂದ, ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಮಗುವನ್ನು ಮೊದಲು ಎಬ್ಬಿಸಿಕೊಂಡು ಬರುವುದು ಸಂಗೀತದ ಕೋಣೆಯಿಂದಲೇ ಆಗಿರುತ್ತದೆ.

ಈ ಬರಹವನ್ನು ಕರ್ನಾಟಕದ ಖಾಸಗಿ ವಸತಿ ಶಾಲೆಗಳ ಮುಖ್ಯೋಪಾಧ್ಯಾಯರು, ನಿಲಯಪಾಲಕರು ಮತ್ತು ಅಲ್ಲಿ ಸಂಜೆಯ ಹೊಣೆ ಹೊತ್ತ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮುಂದೆ ಹೇಳುವುದೆಲ್ಲ ಒಂದು ನಿಯಮದ ಸುತ್ತ ಕಟ್ಟಿದ್ದು: ಓದಿನಲ್ಲಿ ಹಿಂದೆ ಬಿದ್ದ ಮಗುವಿನಿಂದ ಕಲೆಯ ಹೊತ್ತನ್ನು ಯಾವ ಕಾರಣಕ್ಕೂ ಕಿತ್ತುಕೊಳ್ಳಬಾರದು. ತರಗತಿಯಲ್ಲಿ ದಿನವಿಡೀ ‘ಬರುವುದಿಲ್ಲ’ ಎನ್ನಿಸಿಕೊಂಡ ಹುಡುಗ ಚೆಂಡೆಯ ಮುಂದೆ ಅಥವಾ ಬಣ್ಣದ ತಟ್ಟೆಯ ಮುಂದೆ ಮಾತ್ರ ‘ಬರುತ್ತದೆ’ ಎನ್ನಿಸಿಕೊಳ್ಳುವ ಸಾಧ್ಯತೆ ಇರುವಾಗ, ಅದನ್ನೂ ಕಸಿದುಕೊಂಡರೆ ಅವನಿಗೆ ಶಾಲೆಯಲ್ಲಿ ನಿಲ್ಲಲು ನೆಲವೇ ಉಳಿಯುವುದಿಲ್ಲ. ಅವನಿಗೆ ಮನೆಗೆ ಓಡಿಹೋಗಿ ಸುಧಾರಿಸಿಕೊಂಡು ಬರುವ ಅವಕಾಶವೂ ಇಲ್ಲ.

ಮೊದಲ ಆರು ವಾರಗಳು

ಹೆಚ್ಚಿನ ವಸತಿ ಶಾಲೆಗಳಿಗೆ ಹೊಸ ಮಕ್ಕಳು ಬರುವುದು ಆರನೆಯ ಅಥವಾ ಎಂಟನೆಯ ತರಗತಿಗೆ. ಜೂನ್ ತಿಂಗಳಲ್ಲಿ ಸೇತುಬಂಧ ನಡೆಸುವ ಪದ್ಧತಿ ರಾಜ್ಯದ ಶಾಲೆಗಳಲ್ಲಿ ಈಗಾಗಲೇ ಇದೆ. ನೈದಾನಿಕ ಪರೀಕ್ಷೆ ಮಾಡಿ, ಮಗು ಹಿಂದಿನ ತರಗತಿಗಳಲ್ಲಿ ಏನನ್ನು ಬಿಟ್ಟು ಬಂದಿದೆ ಎಂದು ನೋಡಿ, ಪರಿಹಾರ ಬೋಧನೆ ಕೊಟ್ಟು, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡುವ ಕ್ರಮವದು. ಖಾಸಗಿ ಶಾಲೆಗಳು ಇದನ್ನು ಕಡತಕ್ಕೆ ಸೇರಿಸುವ ಕಾಗದವೆಂದು ಭಾವಿಸದೆ ಮನಸ್ಸಿಟ್ಟು ಮಾಡಿದರೆ ವರ್ಷದ ಅರ್ಧ ಕೆಲಸ ಮುಗಿದಂತೆ. ನೈದಾನಿಕ ಪರೀಕ್ಷೆಗೆ ದೊಡ್ಡ ಪ್ರಶ್ನೆಪತ್ರಿಕೆ ಬೇಕಿಲ್ಲ. ಒಂದು ಪುಟ ಕನ್ನಡ ಗಟ್ಟಿಯಾಗಿ ಓದುವುದು, ಒಂದು ಪುಟ ಇಂಗ್ಲಿಷ್ ಗಟ್ಟಿಯಾಗಿ ಓದುವುದು, ಐದು ವಾಕ್ಯಗಳ ಉಕ್ತಲೇಖನ, ಭಾಗಾಕಾರ, ಭಿನ್ನರಾಶಿ ಮತ್ತು ದಶಮಾಂಶದ ಹತ್ತು ಲೆಕ್ಕ. ಆರನೆಯ ತರಗತಿಯ ಗಣಿತದಲ್ಲಿ ಎಡವುವ ಮಕ್ಕಳಲ್ಲಿ ಹೆಚ್ಚಿನವರು ಎಡವಿರುವುದು ನಾಲ್ಕನೆಯ ತರಗತಿಯ ಭಾಗಾಕಾರದಲ್ಲೇ ಎಂಬುದು ಈ ಒಂದು ಪುಟದಿಂದ ಗೊತ್ತಾಗಿಬಿಡುತ್ತದೆ.

ಆ ವಾರಗಳಲ್ಲೇ ಪ್ರತಿ ಮಗುವಿಗೂ ಒಂದು ಪುಟದ ದಾಖಲೆ ಸಿದ್ಧವಾಗಬೇಕು. ಓದಿನ ಫಲಿತಾಂಶದ ಜೊತೆಗೆ ಮನೆಯಲ್ಲಿ ಆಡುವ ಮಾತು ಯಾವುದು, ಹಿಂದಿನ ಶಾಲೆಯ ಮಾಧ್ಯಮ ಯಾವುದು, ಮನೆಯಲ್ಲಿ ಯಾರಾದರೂ ಹಾಡುತ್ತಾರೆಯೇ, ನೇಯುತ್ತಾರೆಯೇ, ಮೇಳ ಕಟ್ಟುತ್ತಾರೆಯೇ, ಮಗು ಈಗಾಗಲೇ ಏನನ್ನಾದರೂ ಕಲಿತಿದೆಯೇ ಎಂಬುದನ್ನೂ ಅದರಲ್ಲಿ ಬರೆಯಬೇಕು. ಕಲಬುರಗಿಯ ಮಗು, ಮಡಿಕೇರಿಯ ಮಗು, ತುಳು ಮಾತನಾಡುವ ಬಂಟ್ವಾಳದ ಮಗು, ದುಬೈಯಿಂದ ಬಂದು ಕನ್ನಡ ಮಾತನಾಡಬಲ್ಲ ಆದರೆ ಓದಲಾರದ ಮಗು—ಇವರೆಲ್ಲ ಒಂದೇ ಡಾರ್ಮಿಟರಿಯಲ್ಲಿ ಮಲಗುತ್ತಾರೆ. ಒಬ್ಬರ ಮಾತಿನ ಧಾಟಿಯನ್ನು ಇನ್ನೊಬ್ಬರು ಅಣಕಿಸುವುದು ಮೊದಲ ವಾರದಲ್ಲೇ ಶುರುವಾಗುತ್ತದೆ. ಅದನ್ನು ತಡೆಯುವ ದಾರಿ ಗದರುವುದಲ್ಲ. ಕಲಬುರಗಿಯ ಧಾಟಿಯಲ್ಲಿ ಕಥೆ ಹೇಳುವ ಮಗುವಿಗೆ ಮೊದಲ ಶನಿವಾರದ ಸಭೆಯಲ್ಲೇ ಜಾಗ ಕೊಡುವುದು, ಅದನ್ನು ಶಿಕ್ಷಕರು ಕುಳಿತು ಸಂತೋಷದಿಂದ ಕೇಳುವುದು. ಮೆಸ್ಸಿನ ಊಟವೂ ಇದರೊಳಗೇ ಬರುತ್ತದೆ. ಕುಚ್ಚಲಕ್ಕಿ ಅನ್ನ ಮಾತ್ರ ಬೇಯಿಸುವ ಕರಾವಳಿಯ ಅಡುಗೆಮನೆ ವಾರಕ್ಕೊಮ್ಮೆ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದರೆ ಬಯಲುಸೀಮೆಯ ಮಕ್ಕಳಿಗೆ ಅಂದಿನ ಸಂಜೆಯ ಓದೂ ಹಗುರಾಗುತ್ತದೆ.

ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಗುವಿಗೆ ವಿಜ್ಞಾನ ಕಷ್ಟವಾಗುವುದು ವಿಜ್ಞಾನದಿಂದಲ್ಲ, ಪದಗಳಿಂದ. ಪ್ರತಿ ಪಾಠದ ಹದಿನೈದು ಇಪ್ಪತ್ತು ಮುಖ್ಯ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದ ಹಾಳೆಯನ್ನು ಪಾಠ ಶುರುವಾಗುವ ಮುನ್ನವೇ ಕೊಡಬೇಕು. ಮೊದಲ ಆರು ತಿಂಗಳು ಸಂಜೆಯ ಓದಿನ ಹೊತ್ತಿನಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳಲು, ಕನ್ನಡದಲ್ಲೇ ವಿವರಣೆ ಪಡೆಯಲು ಬಿಡಬೇಕು. ‘ಆವರಣದೊಳಗೆ ಇಂಗ್ಲಿಷ್ ಮಾತ್ರ’ ಎಂಬ ಫಲಕ ಹಾಕಿ, ಕನ್ನಡ ಆಡಿದವರಿಗೆ ದಂಡ ಹಾಕುವ ಶಾಲೆಗಳು ಮಗುವಿನ ಪ್ರಶ್ನೆಯನ್ನೇ ನಿಲ್ಲಿಸಿಬಿಡುತ್ತವೆ. ಆ ಪದ್ಧತಿ ಎಲ್ಲಿದ್ದರೂ ಕೈಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇನ್ನೊಂದು ಬದಿಯಲ್ಲಿ, ಹೊರದೇಶದಿಂದ ಅಥವಾ ಹೊರರಾಜ್ಯದಿಂದ ಬಂದ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಸಣ್ಣ ಗುಂಪು ಬೇಕು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸುವುದನ್ನು ಕಡ್ಡಾಯಗೊಳಿಸಿದ್ದರೂ, ಒಂಬತ್ತನೆಯ ತರಗತಿಯ ಹುಡುಗಿಯನ್ನು ಒಂದನೆಯ ತರಗತಿಯ ಪುಸ್ತಕದ ಮುಂದೆ ಕೂರಿಸಿದರೆ ಅವಳಿಗೆ ಅವಮಾನವಾಗುತ್ತದೆ. ಅಂಥವರಿಗೆ ಹಾಡಿನ ಸಾಹಿತ್ಯ, ಬಸ್ಸಿನ ಬೋರ್ಡು, ಮೆಸ್ಸಿನ ಊಟದ ಪಟ್ಟಿ, ಗೆಳತಿಯರ ಹೆಸರುಗಳಿಂದ ಅಕ್ಷರ ಕಲಿಸುವುದು ಒಳ್ಳೆಯದು.

ಸಂಜೆಯ ವೇಳಾಪಟ್ಟಿ

ವೇಳಾಪಟ್ಟಿಯನ್ನು ನಿದ್ರೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಕಟ್ಟಬೇಕು. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತೂವರೆವರೆಗೆ ಓದಿಸುವ ಶಾಲೆ ಈ ಕನಿಷ್ಠವನ್ನೇ ಮುಟ್ಟುವುದಿಲ್ಲ. ಅಲ್ಲಿನ ಮಕ್ಕಳು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವುದನ್ನು ಶಿಸ್ತಿನ ಕೊರತೆ ಎಂದು ಬರೆಯುವುದು ನ್ಯಾಯವಲ್ಲ. ಆರು, ಏಳನೆಯ ತರಗತಿಯವರ ದೀಪ ಒಂಬತ್ತಕ್ಕೆ ಆರಬೇಕು, ಆರಕ್ಕೆ ಏಳಬೇಕು. ದೊಡ್ಡವರ ದೀಪ ಒಂಬತ್ತೂ ಮುಕ್ಕಾಲಿಗೆ ಆರಬಹುದು, ಐದೂ ಮುಕ್ಕಾಲಿಗೆ ಏಳಬಹುದು.

ಇದನ್ನು ಒಪ್ಪಿಕೊಂಡರೆ ಉಳಿದದ್ದು ತಾನಾಗಿ ಕೂರುತ್ತದೆ. ನಾಲ್ಕಕ್ಕೆ ತಿಂಡಿ. ನಾಲ್ಕೂವರೆಯಿಂದ ಐದೂ ಮುಕ್ಕಾಲಿನವರೆಗೆ ವಾರದಲ್ಲಿ ಮೂರು ದಿನ ಆಟ, ಮೂರು ದಿನ ಕಲೆ. ಆರೂವರೆಯಿಂದ ಏಳೂ ನಲವತ್ತರವರೆಗೆ ಮೊದಲ ಸ್ಟಡಿ ಅವರ್. ಊಟದ ನಂತರ ದೊಡ್ಡವರಿಗೆ ನಲವತ್ತು ನಿಮಿಷದ ಎರಡನೆಯ ಓದು. ಚಿಕ್ಕವರಿಗೆ ಆ ಹೊತ್ತಿನಲ್ಲಿ ಪಠ್ಯಪುಸ್ತಕ ಬೇಡ, ಗ್ರಂಥಾಲಯದಿಂದ ತಾವೇ ಆರಿಸಿಕೊಂಡ ಕಥೆಪುಸ್ತಕ ಸಾಕು. ಆರರಿಂದ ಆರೂವರೆಯವರೆಗಿನ ಸ್ನಾನ, ಪ್ರಾರ್ಥನೆ, ಸುಮ್ಮನೆ ಕೂರುವ ಹೊತ್ತನ್ನು ಯಾರೂ ಕದಿಯಬಾರದು. ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳು ಸೂರ್ಯಾಸ್ತವನ್ನು ನೋಡುತ್ತ ಮೌನವಾಗಿ ಕೂರುವ ‘ಅಸ್ತಾಚಲ’ ಎಂಬ ಪದ್ಧತಿ ಇದೆ. ಅದಕ್ಕೆ ಖರ್ಚಿಲ್ಲ, ತರಬೇತಿ ಬೇಕಿಲ್ಲ, ಪಶ್ಚಿಮಕ್ಕೆ ತೆರೆದ ಒಂದು ಅಂಗಳವಿದ್ದರೆ ಯಾವ ಶಾಲೆಯೂ ಮಾಡಬಹುದು.

ಕಲೆಯ ಮೂರು ದಿನಗಳಲ್ಲಿ ಪರಿಹಾರ ಬೋಧನೆಯನ್ನು ಇಡಬಾರದು. ಪರಿಹಾರ ಬೋಧನೆಯ ಜಾಗ ಸ್ಟಡಿ ಅವರ್ ಒಳಗೇ ಇರಬೇಕು. ಅದರ ಕ್ರಮವನ್ನು ಈಗ ಹೇಳುತ್ತೇನೆ.

ಸ್ಟಡಿ ಅವರ್ ನಡೆಸುವುದು

ಎಲ್ಲರನ್ನೂ ಊಟದ ಹಾಲ್‌ನಲ್ಲಿ ಕೂರಿಸಿ, ಒಬ್ಬ ವಾರ್ಡನ್ ನಡುವೆ ಓಡಾಡುತ್ತ ‘ಮಾತು ಬೇಡ’ ಎನ್ನುತ್ತಿದ್ದರೆ ಅದು ಓದಿನ ನೆರವು ಅಲ್ಲ, ಕಾವಲು ಅಷ್ಟೆ. ವಿಷಯ ಶಿಕ್ಷಕರು ಸರದಿಯ ಮೇಲೆ ಬರಬೇಕು: ಸೋಮವಾರ ಮತ್ತು ಗುರುವಾರ ಗಣಿತದವರು, ಮಂಗಳವಾರ ವಿಜ್ಞಾನದವರು, ಬುಧವಾರ ಭಾಷೆಯವರು, ಹೀಗೆ. ಹಾಲ್‌ನ ಒಂದು ಮೂಲೆಯಲ್ಲಿ ಮೇಜು, ಎರಡು ಕುರ್ಚಿ, ಸಣ್ಣ ಕರಿಹಲಗೆ ಇಟ್ಟರೆ ಪ್ರಶ್ನೆ ಇದ್ದವರು ಅಲ್ಲಿಗೆ ಹೋಗಿ ಮೆಲುದನಿಯಲ್ಲಿ ಕೇಳಬಹುದು. ಶಿಕ್ಷಕರಿಗೆ ಆ ಸಂಜೆಯ ಸಂಭಾವನೆಯನ್ನೋ, ಮರುದಿನ ಒಂದು ಪೀರಿಯಡ್ಡಿನ ಬಿಡುವನ್ನೋ ಕೊಡದೆ ಈ ಏರ್ಪಾಡು ನಿಲ್ಲುವುದಿಲ್ಲ. ಆಡಳಿತ ಮಂಡಳಿಗಳು ಇಲ್ಲಿ ಕೈ ಬಿಗಿ ಹಿಡಿಯಬಾರದು.

ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿರಬೇಕು. ಅಂದು ಹಗಲು ಕಲಿತದ್ದರಲ್ಲಿ ನೆನಪಿರುವುದನ್ನು ಮಗು ಒಂದು ಹಾಳೆಯ ಮೇಲೆ ಬರೆಯಲಿ, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಕಲಿತದ್ದು ಮರೆಯುವ ವೇಗ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದರು. ನೆನಪಿನಿಂದ ತೆಗೆದು ಬರೆಯುವುದು ಮತ್ತೆ ಮತ್ತೆ ಓದುವುದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಆನಂತರದ ಅಧ್ಯಯನಗಳು ದೃಢಪಡಿಸಿವೆ. ಅದರ ನಂತರ ಮಗುವಿಗೆ ಅತಿ ಕಷ್ಟವಾದ ವಿಷಯ ಮೊದಲು, ನೋಟ್ಸ್ ಬರೆಯುವಂಥ ಕೈಕೆಲಸ ಕೊನೆಗೆ. ಪ್ರತಿಯೊಬ್ಬರಿಗೂ ‘ತಪ್ಪುಗಳ ವಹಿ’ ಎಂಬ ತೆಳುವಾದ ನೋಟ್‌ಬುಕ್ ಇರಲಿ. ತಪ್ಪಾದ ಲೆಕ್ಕವನ್ನು ಅದರಲ್ಲಿ ದಿನಾಂಕ ಸಮೇತ ಬರೆದು, ಮೂರು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ, ಉತ್ತರ ನೋಡದೆ ಮಾಡಬೇಕು.

ಪರಿಹಾರ ಬೋಧನೆಯ ಗುಂಪಿನಲ್ಲಿ ಆರು ಮಕ್ಕಳಿಗಿಂತ ಹೆಚ್ಚು ಬೇಡ. ಗುಂಪಿಗೆ ಸ್ಪಷ್ಟ ಗುರಿ ಇರಬೇಕು: ‘ಗಣಿತದಲ್ಲಿ ಸುಧಾರಣೆ’ ಎಂದರೆ ಗುರಿಯಲ್ಲ, ‘ಛೇದ ಬೇರೆ ಇರುವ ಭಿನ್ನರಾಶಿಗಳನ್ನು ಕೂಡಿಸುವುದು’ ಗುರಿ. ನಾಲ್ಕು ವಾರ ನಡೆಸಿ, ಸಣ್ಣ ಪರೀಕ್ಷೆ ಮಾಡಿ, ಕಲಿತವರನ್ನು ಗುಂಪಿನಿಂದ ಬಿಡುಗಡೆ ಮಾಡಬೇಕು. ಬಿಡುಗಡೆಯೇ ಇಲ್ಲದ ಗುಂಪು ಬಹಳ ಬೇಗ ಹಣೆಪಟ್ಟಿಯಾಗುತ್ತದೆ. ‘ಬಿ ಬ್ಯಾಚ್’, ‘ಸ್ಲೋ ಲರ್ನರ್ಸ್’ ಎಂಬ ಹೆಸರುಗಳನ್ನು ಶಿಕ್ಷಕರ ಕೋಣೆಯಲ್ಲೂ ಬಳಸಬಾರದು, ಏಕೆಂದರೆ ಅವು ಅಲ್ಲಿಂದಲೇ ಡಾರ್ಮಿಟರಿಗೆ ಹೋಗುತ್ತವೆ. ಒಂಬತ್ತನೆಯ ತರಗತಿಯ ಮಕ್ಕಳು ಆರನೆಯವರಿಗೆ ವಾರದಲ್ಲಿ ಎರಡು ಸಲ ಇಪ್ಪತ್ತು ನಿಮಿಷ ಕಲಿಸುವ ಏರ್ಪಾಡೂ ಚೆನ್ನಾಗಿ ನಡೆಯುತ್ತದೆ, ಮತ್ತು ಅದರಿಂದ ಹೆಚ್ಚು ಕಲಿಯುವವರು ಒಂಬತ್ತನೆಯವರೇ.

ಯಾವ ಕಲೆ, ಎಷ್ಟು, ಹೇಗೆ

ಶಾಲೆಯ ಕರಪತ್ರಗಳಲ್ಲಿ ಭರತನಾಟ್ಯದಿಂದ ಗಿಟಾರ್‌ವರೆಗೆ ಹದಿನಾಲ್ಕು ಕಲೆಗಳ ಪಟ್ಟಿ ಇರುತ್ತದೆ. ಅಷ್ಟನ್ನೂ ಕಲಿಸಲು ಹೊರಟರೆ ಯಾವುದೂ ಬೇರುಬಿಡುವುದಿಲ್ಲ. ಎರಡು ಅಥವಾ ಮೂರು ಕಲೆಗಳನ್ನು ಆರಿಸಿಕೊಂಡು, ಪ್ರತಿ ಮಗುವೂ ಕನಿಷ್ಠ ಎರಡು ವರ್ಷ ಒಂದರಲ್ಲೇ ನಿಲ್ಲುವಂತೆ ಮಾಡುವುದು ಮೇಲು. ಆರಿಸುವಾಗ ಶಾಲೆ ಇರುವ ಜಿಲ್ಲೆಯಲ್ಲಿ ಜೀವಂತವಾಗಿರುವ ಕಲೆಗೆ ಮೊದಲ ಜಾಗ ಕೊಡಬೇಕು, ಏಕೆಂದರೆ ಗುರುಗಳು ಹತ್ತಿರದಲ್ಲೇ ಸಿಗುತ್ತಾರೆ, ಮಕ್ಕಳು ಅದನ್ನು ಶಾಲೆಯ ಹೊರಗೆ ನಿಜವಾದ ಸಂದರ್ಭದಲ್ಲಿ ನೋಡಬಹುದು. ಉಡುಪಿ, ದಕ್ಷಿಣ ಕನ್ನಡದಲ್ಲಿ ಯಕ್ಷಗಾನ, ಧಾರವಾಡ, ಹಾವೇರಿಯ ಕಡೆ ಹಿಂದೂಸ್ತಾನಿ ಸಂಗೀತ, ಡೊಳ್ಳು, ಭಜನೆ, ಮೈಸೂರು, ಚಾಮರಾಜನಗರದಲ್ಲಿ ಕಂಸಾಳೆ, ವೀರಗಾಸೆ, ಮಲೆನಾಡಿನಲ್ಲಿ ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕ. ಕಂಸಾಳೆಯಂಥ ಕಲೆ ಮಲೆಮಹದೇಶ್ವರನ ಒಕ್ಕಲಿನ ಭಕ್ತಿಯೊಂದಿಗೆ ಬೆಸೆದುಕೊಂಡದ್ದು. ಅದನ್ನು ಕಲಿಸುವ ಮುನ್ನ ಕಲಾವಿದರನ್ನು ಕರೆಸಿ, ಅವರ ನಂಬಿಕೆಯನ್ನೂ ಬದುಕನ್ನೂ ಮಕ್ಕಳು ಅವರ ಬಾಯಿಂದಲೇ ಕೇಳಬೇಕು.

ಯಕ್ಷಗಾನದ ವಿಷಯದಲ್ಲಿ ಕರಾವಳಿಯ ಶಾಲೆಗಳಿಗೆ ಅನುಕೂಲ ಹೆಚ್ಚು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹಲವು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ಯಕ್ಷಗಾನ ಕಲಿಸುತ್ತ ಬಂದಿದೆ; ಹುಡುಗಿಯರೂ ಗೆಜ್ಜೆ ಕಟ್ಟಿ ರಂಗಕ್ಕೆ ಬರುತ್ತಾರೆ. ಆದರೆ ಹೊಸದಾಗಿ ಆರಂಭಿಸುವ ಶಾಲೆಗೆ ನನ್ನ ಸಲಹೆ, ಮೊದಲು ತಾಳಮದ್ದಳೆಯಿಂದ ಶುರುಮಾಡಿ ಎಂಬುದು. ಅಲ್ಲಿ ವೇಷ ಬೇಡ, ಬಣ್ಣ ಬೇಡ, ಬಾಡಿಗೆಯ ಕಿರೀಟ ಬೇಡ. ಒಬ್ಬ ಭಾಗವತರು, ಚೆಂಡೆ, ಮದ್ದಳೆ ಇದ್ದರೆ ಸಾಕು. ಮಕ್ಕಳು ಸಾಲಾಗಿ ಕುಳಿತು ಪದ್ಯದ ಹಿಂದೆ ತಮ್ಮ ಪಾತ್ರದ ಮಾತನ್ನು ತಾವೇ ಕಟ್ಟಿ ಆಡಬೇಕು. ಕೃಷ್ಣಸಂಧಾನದ ಪ್ರಸಂಗದಲ್ಲಿ ಕೌರವನ ಪಕ್ಷ ಹಿಡಿದು ಹತ್ತು ನಿಮಿಷ ವಾದಿಸಬೇಕಾದ ಮಗು ಕಥೆಯನ್ನು ಓದಲೇಬೇಕು, ಎದುರಿನವನ ಮಾತನ್ನು ಗಮನವಿಟ್ಟು ಕೇಳಲೇಬೇಕು, ಉತ್ತರವನ್ನು ಅಲ್ಲೇ ಹೊಂದಿಸಿಕೊಳ್ಳಬೇಕು. ಪ್ರಬಂಧ ಬರೆಯಲು ಹೆದರುವ ಮಕ್ಕಳ ಕನ್ನಡ, ಹೀಗೆ ಮಾತು ಕಟ್ಟಿ ಆಡುವ ಅರ್ಥಗಾರಿಕೆಯಿಂದ ಎಷ್ಟು ಬೇಗ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಭಾಷಾ ಶಿಕ್ಷಕರು ಒಮ್ಮೆ ಕುಳಿತು ನೋಡಬೇಕು.

ಇಲ್ಲಿಯೇ ಓದು ಮತ್ತು ಕಲೆ ಸಂಧಿಸುವ ಜಾಗಗಳನ್ನು ಶಿಕ್ಷಕರು ಹುಡುಕಬೇಕು. ಹುಡುಕಿದರೆ ಅವು ಕೃತಕವಾಗಿ ಹೆಣೆಯಬೇಕಾದವಲ್ಲ, ಮೊದಲೇ ಇರುವಂಥವು. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಬರುವ ಭಾಮಿನೀ ಷಟ್ಪದಿಯನ್ನು ತೆಗೆದುಕೊಳ್ಳಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕರ ಗಣಗಳಂತೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆ, ಒಟ್ಟು 102. ಹಲಗೆಯ ಮೇಲೆ ಪ್ರಸ್ತಾರ ಹಾಕಿ ಲಘು-ಗುರು ಗುರುತಿಸುವಾಗ ಇದು ಮಕ್ಕಳಿಗೆ ಒಣ ಲೆಕ್ಕವಾಗಿ ಕಾಣುತ್ತದೆ. ಅದೇ ಮಕ್ಕಳು ಹಿಂದಿನ ಸಂಜೆ ಕುಮಾರವ್ಯಾಸನ ಪದ್ಯಗಳನ್ನು ಗಮಕಿಯೊಬ್ಬರ ಜೊತೆ ವಾಚಿಸಿದ್ದರೆ, ಮೂರು-ನಾಲ್ಕರ ನಡಿಗೆ ಆಗಲೇ ಅವರ ಕಿವಿಯಲ್ಲಿ ಇರುತ್ತದೆ. ಗಣ ತಪ್ಪಿದ ಸಾಲನ್ನು ಎಣಿಸದೆಯೇ ಹಿಡಿಯುತ್ತಾರೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ನಾಡಿನಾಚೆಗೂ ಕೇಳಿತು. ವಸತಿ ಶಾಲೆಗಳು ಮನಸ್ಸು ಮಾಡಿದರೆ ಅದಕ್ಕೆ ಎಳೆಯ ಕೇಳುಗರನ್ನು ವರ್ಷವರ್ಷವೂ ಸಿದ್ಧಪಡಿಸಬಹುದು.

ಅದೇ ಮೂರು-ನಾಲ್ಕು ಸಂಗೀತದ ಕೋಣೆಯಲ್ಲಿ ಮಿಶ್ರಛಾಪು ತಾಳವಾಗಿ, ‘ತಕಿಟ ತಕಧಿಮಿ’ ಎಂಬ ಏಳು ಅಕ್ಷರವಾಗಿ ಮತ್ತೆ ಸಿಗುತ್ತದೆ. ಗಣಿತದ ಶಿಕ್ಷಕರು ಒಂದು ಸಂಜೆ ಮೃದಂಗದ ತರಗತಿಗೆ ಬಂದು, ಒಂದು ಗುಂಪು ಎಂಟಕ್ಷರದ ಆದಿತಾಳ ಹಾಕುತ್ತಿರುವಾಗ ಇನ್ನೊಂದು ಗುಂಪಿಗೆ ಏಳರ ಜತಿ ಹೇಳಲು ಬಿಡಲಿ. ಎರಡೂ ಗುಂಪು ಒಟ್ಟಿಗೆ ಸಮಕ್ಕೆ, ಅಂದರೆ ಆವರ್ತನದ ಮೊದಲ ಪೆಟ್ಟಿಗೆ, ಬಂದು ಬೀಳುವುದು 56ನೆಯ ಅಕ್ಷರ ಮುಗಿದಾಗ. ಲಘುತಮ ಸಾಮಾನ್ಯ ಅಪವರ್ತ್ಯವನ್ನು ಸೂತ್ರವಾಗಿ ಕಂಠಪಾಠ ಮಾಡಿ ಮರೆತ ಮಗು, ಚಪ್ಪಾಳೆ ಒಂದಾದ ಆ ಕ್ಷಣವನ್ನು ಮರೆಯುವುದಿಲ್ಲ.

ಇನ್ನೊಂದು ಕೆಲಸವನ್ನು ರಜೆಗೆ ಕೊಡಬಹುದು. ದಸರಾ ರಜೆಗೆ ಮಕ್ಕಳು ಊರಿಗೆ ಹೋಗುವಾಗ ಪ್ರಾಜೆಕ್ಟ್ ಹೆಸರಿನಲ್ಲಿ ಥರ್ಮೋಕೋಲ್ ಮಾದರಿ ಮಾಡಿಸುವುದನ್ನು ಬಿಟ್ಟು, ಮನೆಯ ಹಿರಿಯರಿಂದ ಒಂದು ಹಾಡು, ಒಂದು ಒಗಟು, ಒಂದು ಅಡುಗೆಯ ವಿಧಾನ ಕೇಳಿ ಬರೆದು ತರಲು ಹೇಳಬೇಕು. ಉತ್ತರ ಕರ್ನಾಟಕದ ಅಜ್ಜಿಯರ ಬೀಸುವ ಪದಗಳಲ್ಲಿ ಬಹಳಷ್ಟು ತ್ರಿಪದಿಯಲ್ಲಿರುತ್ತವೆ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಾಲದ ಕಪ್ಪೆ ಅರಭಟ್ಟನ ಶಾಸನದಲ್ಲಿ ಇರುವುದೂ ತ್ರಿಪದಿಯೇ. ಅಜ್ಜಿಯ ಹಾಡನ್ನು ಬರೆದುಕೊಂಡು ಬಂದ ಮಗುವನ್ನು ಡಿಸೆಂಬರ್ ಪ್ರವಾಸದಲ್ಲಿ ಆ ಶಾಸನದ ಮುಂದೆ ನಿಲ್ಲಿಸಿದರೆ, ಹದಿಮೂರು ಶತಮಾನದ ಹಿಂದಿನ ಕನ್ನಡಕ್ಕೂ ತನ್ನ ಮನೆಯ ಬೀಸುವ ಕಲ್ಲಿಗೂ ಇರುವ ನಂಟು ಯಾವ ಉಪನ್ಯಾಸವೂ ಇಲ್ಲದೆ ತಿಳಿಯುತ್ತದೆ. ಪ್ರವಾಸ ಎಂದಾಗ ಒಂದು ಮಾತು: ಎರಡು ದಿನದಲ್ಲಿ ಏಳು ಊರು ಸುತ್ತಿಸುವುದಕ್ಕಿಂತ ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರೇ ನೋಡಿಸಿ, ಪ್ರತಿ ಮಗುವೂ ಒಂದು ಕಂಬದ ಮುಂದೆ ಅರ್ಧ ಗಂಟೆ ಕುಳಿತು ಚಿತ್ರ ಬರೆಯುವಂತೆ ಮಾಡುವುದು ಒಳ್ಳೆಯದು. ದಕ್ಷಿಣದ ಶಾಲೆಗಳಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರ ಇವೆ. ಬೇಲೂರು ತಾಲ್ಲೂಕಿನಲ್ಲೇ ಇರುವ ಹಲ್ಮಿಡಿಯನ್ನು ಬಿಟ್ಟು ಬರಬಾರದು. ರಾಮನಗರದ ಜಾನಪದ ಲೋಕಕ್ಕೂ ಒಂದು ಪೂರ್ತಿ ದಿನ ಸಲ್ಲಬೇಕು.

ನಾಟಕವನ್ನು ನೋಡದ ಮಕ್ಕಳಿಂದ ನಾಟಕ ಆಡಿಸುವುದು ಕಷ್ಟ. ಹೆಗ್ಗೋಡಿನ ನೀನಾಸಮ್ 1985ರಲ್ಲಿ ಆರಂಭಿಸಿದ ‘ತಿರುಗಾಟ’ ಊರೂರಿಗೆ ನಾಟಕ ಒಯ್ಯುತ್ತದೆ. ಸಮೀಪದ ಊರಿನಲ್ಲಿ ಪ್ರದರ್ಶನವಿದ್ದರೆ ದೊಡ್ಡ ಮಕ್ಕಳನ್ನು ಕರೆದೊಯ್ಯುವುದು, ಸಾಧ್ಯವಿದ್ದರೆ ಶಾಲೆಯಲ್ಲೇ ಒಂದು ಪ್ರದರ್ಶನ ಏರ್ಪಡಿಸುವುದು ವರ್ಷದ ಯೋಜನೆಯಲ್ಲಿ ಸೇರಲಿ. ಪ್ರದರ್ಶನದ ಮರುದಿನ ಅದರ ಬಗ್ಗೆ ಮಾತನಾಡಲು ಒಂದು ಪೀರಿಯಡ್ಡು ಮೀಸಲಿಡಬೇಕು.

ಸಂಗೀತ, ನೃತ್ಯ, ತಾಳವಾದ್ಯಗಳಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಹಿಂದೂಸ್ತಾನಿ ಕಲಿಯುವವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ್, ಪ್ರವೇಶಿಕಾ ಮೊದಲಾದ ಹಂತಗಳಿವೆ. ಇಷ್ಟಪಟ್ಟ ಮಕ್ಕಳನ್ನು ಕೂರಿಸಬಹುದು, ಎಲ್ಲರನ್ನೂ ಅಲ್ಲ. ಪ್ರತಿಭಾ ಕಾರಂಜಿ, ಕಲೋತ್ಸವಗಳಿಗೂ ಇದೇ ಮಾತು ಸಲ್ಲುತ್ತದೆ. ಬಹುಮಾನ ತರುವ ನಾಲ್ಕು ಮಕ್ಕಳನ್ನೇ ವರ್ಷವಿಡೀ ತಯಾರು ಮಾಡಿ ಉಳಿದ ಇನ್ನೂರು ಮಕ್ಕಳನ್ನು ಪ್ರೇಕ್ಷಕರಾಗಿಸುವ ಶಾಲೆಯಲ್ಲಿ ಕಪ್ಪುಗಳು ಇರುತ್ತವೆ, ಕಲೆ ಇರುವುದಿಲ್ಲ.

ವಾರ್ಷಿಕೋತ್ಸವದ ಬಗ್ಗೆ

ವಾರ್ಷಿಕೋತ್ಸವಕ್ಕಾಗಿ ಒಂದು ತಿಂಗಳು ಪಾಠ ನಿಲ್ಲಿಸಿ, ಧ್ವನಿಮುದ್ರಿತ ಚಿತ್ರಗೀತೆಗಳಿಗೆ ಹೆಜ್ಜೆ ಕಲಿಸಿ, ವೇಷಭೂಷಣಕ್ಕೆಂದು ಹೆತ್ತವರಿಂದ ಪ್ರತ್ಯೇಕ ಹಣ ಕೇಳುವ ರೂಢಿ ವ್ಯಾಪಕವಾಗಿದೆ. ಮೂರು ದಿನಗಳ ಕಲಾ ತರಗತಿ ವರ್ಷವಿಡೀ ನಡೆದರೆ ಇದರ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ. ತಿಂಗಳಿಗೊಂದು ಶನಿವಾರ ಸಂಜೆ ಊಟದ ಹಾಲ್‌ನಲ್ಲೇ, ವೇಷವಿಲ್ಲದೆ, ಮೈಕ್ ಇಲ್ಲದೆ, ಬಹುಮಾನವಿಲ್ಲದೆ, ಒಂದೂಕಾಲು ಗಂಟೆಯ ಬೈಠಕ್ ನಡೆಸಬೇಕು. ಕಲಿತಷ್ಟನ್ನು, ಅರ್ಧ ಕಲಿತದ್ದಾದರೂ ಸರಿ, ಮಕ್ಕಳು ಅಲ್ಲಿ ಹಾಡಲಿ, ಆಡಲಿ. ಅಡುಗೆಯವರು, ಬಸ್ಸಿನ ಚಾಲಕರು, ತೋಟದ ಕೆಲಸದವರು ಮಕ್ಕಳ ಜೊತೆ ಕುಳಿತು ಕೇಳಲಿ. ಅವರಲ್ಲಿ ಹಾಡುವವರಿದ್ದರೆ ಅವರಿಗೂ ಸರದಿ ಇರಲಿ. ವರ್ಷದ ಕೊನೆಗೆ ಈ ಬೈಠಕ್‌ಗಳಲ್ಲಿ ಚೆನ್ನಾಗಿ ಬಂದದ್ದನ್ನೇ ಆರಿಸಿ ವಾರ್ಷಿಕೋತ್ಸವಕ್ಕೆ ಇಟ್ಟರೆ, ಅಭ್ಯಾಸಕ್ಕೆ ಒಂದು ವಾರ ಸಾಕಾಗುತ್ತದೆ.

ಹೊರಗಿನ ಗುರುಗಳು ಮತ್ತು ಮಕ್ಕಳ ಸುರಕ್ಷತೆ

ಕಲೆ ಕಲಿಸಲು ಹೊರಗಿನಿಂದ ಬರುವವರ ವಿಷಯದಲ್ಲಿ ಗೌರವವೂ ಎಚ್ಚರವೂ ಎರಡೂ ಬೇಕು. ಗೌರವವೆಂದರೆ ಮುಖ್ಯವಾಗಿ ಸಂಭಾವನೆ: ಹತ್ತು ತಿಂಗಳ ಲಿಖಿತ ಒಪ್ಪಂದ, ತಿಂಗಳ ಮೊದಲ ವಾರದಲ್ಲಿ ಪಾವತಿ, ಬಂದುಹೋಗುವ ಖರ್ಚು, ಪರೀಕ್ಷೆಯ ತಿಂಗಳಲ್ಲಿ ತರಗತಿ ನಡೆಯದಿದ್ದರೂ ಕಡಿತವಿಲ್ಲದ ಹಣ. ಎಚ್ಚರದ ಕ್ರಮಗಳನ್ನು ಎಷ್ಟು ದೊಡ್ಡ ಹೆಸರಿನವರಿಗೂ ಸಡಿಲಿಸಬಾರದು. ಪೊಲೀಸ್ ಪರಿಶೀಲನೆ ಆಗಿರಬೇಕು. ಒಬ್ಬರೇ ಮಗುವಿಗೆ ಪಾಠ ಹೇಳುವಾಗ ಬಾಗಿಲು ತೆರೆದಿರಬೇಕು ಅಥವಾ ಹೊರಗಿನಿಂದ ಕಾಣುವ ಗಾಜಿರಬೇಕು. ಅಭ್ಯಾಸಕ್ಕೆಂದು ಮಗುವನ್ನು ಯಾರೂ ತಮ್ಮ ಮನೆಗೆ ಅಥವಾ ಕೊಠಡಿಗೆ ಕರೆಯುವಂತಿಲ್ಲ. ರಾತ್ರಿಯ ಪ್ರದರ್ಶನಕ್ಕೆ ಹೋಗುವಾಗ ಶಾಲೆಯ ಮಹಿಳಾ ಸಿಬ್ಬಂದಿ ಜೊತೆಗಿರಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೋ ಕಾಯಿದೆಯ ಪ್ರಕಾರ, ಇಂಥ ಅಪರಾಧ ನಡೆದದ್ದು ಅಥವಾ ನಡೆಯಬಹುದೆಂಬುದು ಗೊತ್ತಾದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯೊಳಗೇ ವಿಚಾರಿಸಿ ಮುಗಿಸುವ ಅಧಿಕಾರ ಆಡಳಿತ ಮಂಡಳಿಗೆ ಇಲ್ಲ. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416 ಸಂಖ್ಯೆಗಳನ್ನು ಡಾರ್ಮಿಟರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ, ಯಾರ ಅನುಮತಿಯೂ ಇಲ್ಲದೆ ಕರೆ ಮಾಡಬಹುದಾದ ಒಂದು ಫೋನನ್ನು ಮಕ್ಕಳ ಕೈಗೆಟಕುವಂತೆ ಇಡಬೇಕು.

ಕಲಿಕೆಯ ತೊಂದರೆ ಇರುವ ಮಗು

ನಾಲ್ಕು ವಾರಗಳ ಪರಿಹಾರ ಬೋಧನೆ ಎರಡು ಸಲ ನಡೆದ ಮೇಲೂ ಮಗು ಓದುವಾಗ ಅಕ್ಷರ ಅದಲುಬದಲು ಮಾಡುತ್ತಿದ್ದರೆ, ಬಾಯಲ್ಲಿ ಸರಿಯಾಗಿ ಹೇಳಿದ್ದನ್ನು ಬರೆಯಲಾಗದಿದ್ದರೆ, ಅದನ್ನು ಸೋಮಾರಿತನವೆಂದು ತೀರ್ಮಾನಿಸದೆ ತಜ್ಞರ ಬಳಿ ಕಳುಹಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯ ವ್ಯವಸ್ಥೆ ಇದೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದೆ. ಪ್ರಮಾಣಪತ್ರವಿದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಲಿಪಿಕಾರರ ನೆರವು, ಹೆಚ್ಚುವರಿ ಸಮಯದಂಥ ಅನುಕೂಲಗಳು ದೊರೆಯುತ್ತವೆ; ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಓಡಾಡಿದರೆ ಇದಾವುದೂ ಕೈಗೆ ಬರುವುದಿಲ್ಲ, ಎಂಟನೆಯ ತರಗತಿಯಲ್ಲೇ ಕೆಲಸ ಶುರುವಾಗಬೇಕು. ಇಂಥ ಮಕ್ಕಳಿಗೆ ತಾಳ, ಅಭಿನಯ, ಜೇಡಿಮಣ್ಣಿನ ಕೆಲಸ ಎಷ್ಟು ಅಗತ್ಯ ಎಂಬುದನ್ನು ಮತ್ತೆ ವಿವರಿಸಬೇಕಿಲ್ಲ.

ಹತ್ತನೆಯ ತರಗತಿ

ಇಲ್ಲಿ ಎಲ್ಲ ಶಾಲೆಗಳ ಧೈರ್ಯವೂ ಕುಸಿಯುತ್ತದೆ. ಎಸ್‌ಎಸ್‌ಎಲ್‌ಸಿಯ ಅಂಕಗಳ ಮುಂದೆ ಕಲೆಯ ತರಗತಿ ಜೂನ್‌ನಲ್ಲೇ ಬಂದ್ ಆಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಅನಗತ್ಯ. ಡಿಸೆಂಬರ್ ಕೊನೆಯವರೆಗೆ ವಾರಕ್ಕೆ ಎರಡು ದಿನ ಕಲೆ, ಜನವರಿಯಿಂದ ಪರೀಕ್ಷೆಯವರೆಗೆ ಒಂದು ದಿನ, ಮತ್ತು ಆ ಒಂದು ದಿನ ಹೊಸದನ್ನು ಕಲಿಸದೆ ಗೊತ್ತಿರುವುದನ್ನೇ ಒಟ್ಟಿಗೆ ಹಾಡುವುದು, ಬಾರಿಸುವುದು—ಇಷ್ಟಾದರೂ ಉಳಿಯಬೇಕು. ವಾರದಲ್ಲಿ ಒಂದೂಕಾಲು ಗಂಟೆ ಉಳಿಸಿ ಹೆಚ್ಚಿಗೆ ಬರುವ ಅಂಕ ಎಷ್ಟು ಎಂದು ಶಾಂತವಾಗಿ ಯೋಚಿಸಿದರೆ ಉತ್ತರ ಕಷ್ಟವಲ್ಲ. ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇರುವುದನ್ನೂ ಮಕ್ಕಳಿಗೆ ಬಿಡಿಸಿ ಹೇಳಬೇಕು. ಒಂದು ಬೆಳಿಗ್ಗೆ ತಪ್ಪಿದರೆ ಬದುಕೇ ತಪ್ಪಿತು ಎಂಬ ಭಯ ಅದರಿಂದ ಸ್ವಲ್ಪವಾದರೂ ತಗ್ಗುತ್ತದೆ.

ಸೋಮವಾರದ ಇಪ್ಪತ್ತು ನಿಮಿಷ ಮತ್ತು ಹೆತ್ತವರಿಗೆ ಪತ್ರ

ಈ ಎಲ್ಲ ಏರ್ಪಾಡನ್ನು ಹಿಡಿದಿಡುವುದು ಒಂದು ಸಣ್ಣ ಸಭೆ. ಹನ್ನೆರಡರಿಂದ ಹದಿನೈದು ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ಟ್ಯೂಟರ್ ಆಗಿ ನೇಮಿಸಿ, ಪ್ರತಿ ಸೋಮವಾರ ತರಗತಿ ಮುಗಿದ ಮೇಲೆ ಟ್ಯೂಟರ್, ವಾರ್ಡನ್ ಮತ್ತು ಕಲೆಯ ಗುರುಗಳು ಇಪ್ಪತ್ತು ನಿಮಿಷ ಕೂಡಬೇಕು. ಎಲ್ಲ ಮಕ್ಕಳ ಬಗ್ಗೆ ಅಲ್ಲ, ಆ ವಾರ ಕಣ್ಣಿಗೆ ಬಿದ್ದ ಮೂರು ನಾಲ್ಕು ಮಕ್ಕಳ ಬಗ್ಗೆ ಮಾತ್ರ ಮಾತು. ಊಟ ಬಿಡುತ್ತಿರುವ ಮಗು ಯಾವುದು ಎಂದು ವಾರ್ಡನ್‌ಗೆ, ಮಾತೇ ಆಡದ ಮಗು ಯಾವುದು ಎಂದು ಮದ್ದಳೆಯ ಗುರುಗಳಿಗೆ, ಲೆಕ್ಕ ಬಿಟ್ಟುಬಿಟ್ಟ ಮಗು ಯಾವುದು ಎಂದು ಟ್ಯೂಟರ್‌ಗೆ ಗೊತ್ತಿರುತ್ತದೆ. ಅನೇಕ ಸಲ ಮೂವರೂ ಹೇಳುತ್ತಿರುವುದು ಒಂದೇ ಮಗುವಿನ ಹೆಸರು.

ಹೆತ್ತವರಿಗೆ ಅಂಕಪಟ್ಟಿಯ ಜೊತೆಗೆ ಟ್ಯೂಟರ್ ಕೈಬರಹದ ಅರ್ಧ ಪುಟ ಹೋಗಲಿ, ವರ್ಷಕ್ಕೆ ಮೂರು ಸಲ. ‘ಶ್ರಮಿಸಬೇಕು’, ‘ಸುಧಾರಿಸಬಹುದು’ ಎಂಬ ಮಾತುಗಳು ಅದರಲ್ಲಿ ಬೇಡ. ಮಗು ಈ ಅವಧಿಯಲ್ಲಿ ಯಾವ ಲೆಕ್ಕ ಕಲಿತಿತು, ಯಾವುದು ಇನ್ನೂ ಬಾಕಿ, ಯಾವ ಪುಸ್ತಕ ಓದಿತು, ಯಾವ ತಾಳ ಹಿಡಿಯಿತು, ಯಾರ ಜೊತೆ ಸ್ನೇಹ ಬೆಳೆಸಿತು, ರಜೆಯಲ್ಲಿ ಮನೆಯವರು ಏನು ಮಾಡಿದರೆ ನೆರವಾಗುತ್ತದೆ ಎಂಬುದನ್ನು ಬರೆಯಬೇಕು. ಕನ್ನಡ ಮಾತ್ರ ಓದಬಲ್ಲ ತಾಯಿ ತಂದೆಗೆ ಆ ಪತ್ರ ಕನ್ನಡದಲ್ಲೇ ಹೋಗಬೇಕು. ಓದು ಬಾರದವರಿಗೆ ಭಾನುವಾರದ ಫೋನ್ ಹೊತ್ತಿನಲ್ಲಿ ಟ್ಯೂಟರ್ ಅದನ್ನು ಓದಿ ಹೇಳಬೇಕು.